‘ಬಗರ್ ಹುಕುಂ’: ಎರವಲು ನುಡಿಗಟ್ಟಿನ ಅರ್ಥ ಯಾರ ಸ್ವತ್ತು?

ಒಂದು ಭಾಷೆ ಮತ್ತೊಂದರಿಂದ ಪದಗಳನ್ನು ಎರವಲು ಪಡೆಯುವುದು ಸಾಮಾನ್ಯ. ನುಡಿಗಟ್ಟನ್ನು ಪದಕ್ರಮಸಹಿತವಾಗಿ ಪಡೆಯುವುದು ವಿರಳ. ಇಂಗ್ಲಿಷಿನಲ್ಲಿ ಬಳಕೆಯಾಗುವ ‘ಫೇಟ್ ಅಕಾಂಪ್ಲಿ’ ಎಂಬ ಫ್ರೆಂಚ್ ನುಡಿಗಟ್ಟು ಇದಕ್ಕೆ ನಿದರ್ಶನ. 19ನೆಯ ಶತಮಾನದಲ್ಲಿ ಬಂದ ಇದರ ಶಬ್ದಾರ್ಥ ‘ನೆರವೇರಿದ ಸಂಗತಿ’. ಇದರಲ್ಲಿ ವಿಶೇಷ್ಯ ಮೊದಲು, ವಿಶೇಷಣ ಅನಂತರ. ಇಂಗ್ಲಿಷಿನ ಸಹಜ ಕ್ರಮಕ್ಕೆ ಇದು ವಿರುದ್ಧ. ಸಂಬಂಧಪಟ್ಟವರು ಆಕ್ಷೇಪಿಸುವ ಮೊದಲೇ ಮುಗಿದುಹೋದ, ಇನ್ನು ಒಪ್ಪದೆ ವಿಧಿಯಿಲ್ಲದ ಕಾರ್ಯ ಎಂಬುದು ಅದರ ರೂಢಾರ್ಥ. ಈ ಧ್ವನಿ ಎರಡು ಬಿಡಿಪದಗಳಲ್ಲಿ ಯಾವುದರಲ್ಲಿಯೂ ಇಲ್ಲ. ಅದು ಬಳಕೆ ಕೊಟ್ಟದ್ದು.

ಕನ್ನಡದಲ್ಲಿ ಇದಕ್ಕೆ ಸಂವಾದಿಯಾಗಿ ‘ಬಗರ್ ಹುಕುಂ’ ಎಂಬ ನುಡಿಗಟ್ಟನ್ನು ಪರಿಶೀಲಿಸಬಹುದು. ‘ಬಗೈರ್’ ಎಂದರೆ ‘ಇಲ್ಲದೆ’, ‘ಹುಕ್ಮ್’ ಎಂದರೆ ‘ಆಜ್ಞೆ’. ಮೂಲತಃ ಅರಬ್ಬಿಯವಾದ ಈ ಪದಗಳು ಪಾರಸಿ ಮತ್ತು ಉರ್ದು ಆಡಳಿತಭಾಷೆಯ ಮೂಲಕ ನಮ್ಮ ಕಂದಾಯದ ಕಡತಗಳಿಗೆ ಬಂದವು. ತಾಲ್ಲೂಕು, ಜಮಾಬಂದಿ, ಶಿರಸ್ತೇದಾರ ಮುಂತಾದವು ಮಾತ್ರವಲ್ಲ, ‘ರೈತ’ ಎಂಬ ಪದವೂ ಅರಬ್ಬಿ-ಪಾರಸಿ ಮೂಲದ್ದೇ ಎಂಬುದು ಗಮನಾರ್ಹ. ಕನ್ನಡದ ಕ್ರಮದಲ್ಲಿ ‘ಹುಕುಂ ಇಲ್ಲದೆ’ ಎಂದಾಗಬೇಕಾದದ್ದು ಇಲ್ಲಿ ತಿರುಗುಮುರುಗಾಗಿಯೇ ಉಳಿದಿದೆ. ‘ಹುಕುಂ’ ಸ್ವತಂತ್ರವಾಗಿ ಬಳಕೆಯಲ್ಲಿದ್ದರೂ ‘ಬಗರ್’ ಬೇರೆಲ್ಲೂ ಬಾರದು. ಹೀಗಾಗಿ ಕನ್ನಡಿಗನಿಗೆ ಇದು ಒಡೆಯಲಾಗದ ಒಂದೇ ಪದ.

ಚಿಂತಾಮಣಿ ತಾಲ್ಲೂಕಿನ ಮುರುಗಮಲ್ಲ ಅಮ್ಮಾಜಾನ್ ಬಾವಾಜಾನ್ ದರ್ಗಾ ಮತ್ತು ಮುಕ್ತೀಶ್ವರ ದೇವಾಲಯಗಳಿಂದ ಹೆಸರಾದ ಹೋಬಳಿ ಕೇಂದ್ರ. ಕನ್ನಡ, ತೆಲುಗು, ದಖನಿ ಮೂರೂ ವ್ಯವಹಾರದಲ್ಲಿರುವ ಇಂತಹ ನೆಲದಲ್ಲಿ ದಖನಿ ಮಾತನಾಡುವವನು ಈ ನುಡಿಗಟ್ಟನ್ನು ಬಿಡಿಸಿ ಅರ್ಥೈಸಬಲ್ಲ. ಉಳಿದವರಿಗೆ ಅದು ಇಡಿಯಾಗಿಯೇ ಗೊತ್ತು. ಆದರೆ ಅರ್ಜಿ ಹಿಡಿದು ನಿಂತಾಗ ಮೂವರಿಗೂ ಅದರ ಅರ್ಥ ಒಂದೇ: ಉಳುಮೆ ನಡೆದಿದೆ, ಹುಕುಂ ಇನ್ನೂ ಬಂದಿಲ್ಲ. ‘ಇಲ್ಲದೆ’ ಎಂಬ ಮೂಲಾರ್ಥ ‘ಇನ್ನೂ ಬಾರದೆ’ ಎಂದು ಪರಿವರ್ತನೆಗೊಂಡಿರುವುದೇ ಇಲ್ಲಿಯ ಮುಖ್ಯ ಸಂಗತಿ. ಅಭಾವ ನಿರೀಕ್ಷೆಯಾಗಿದೆ.

ಈಗ ಇದೇ ನುಡಿಗಟ್ಟಿಗೆ ಕಡತಗಳಲ್ಲಿ ‘ಅನಧಿಕೃತ ಸಾಗುವಳಿ’ ಎಂಬ ಪರ್ಯಾಯವಿದೆ. ಮೇಲ್ನೋಟಕ್ಕೆ ನಿಷ್ಕೃಷ್ಟವಾದ ಅನುವಾದವೇ ಸರಿ. ಆದರೆ ‘ಬಗರ್ ಹುಕುಂ’ ಎಂಬಲ್ಲಿ ಕೊರತೆಯಿರುವುದು ಆಜ್ಞೆಯಲ್ಲಿ. ‘ಅನಧಿಕೃತ’ ಎಂಬಲ್ಲಿ ದೋಷವಿರುವುದು ಉಳುವವನಲ್ಲಿ. 1964ರ ಕರ್ನಾಟಕ ಭೂಕಂದಾಯ ಅಧಿನಿಯಮದಲ್ಲಿಯೂ ಈ ಎರಡು ನೋಟಗಳು ಜೊತೆಯಾಗಿಯೇ ಇವೆ. 94-ಎ ಪ್ರಕರಣ ಇಂತಹ ಸಾಗುವಳಿಯ ಸಕ್ರಮಕ್ಕೆ ದಾರಿ ಮಾಡಿದರೆ, 192-ಎ ಪ್ರಕರಣ ಸರ್ಕಾರಿ ಭೂಮಿಯ ಅಕ್ರಮ ಸ್ವಾಧೀನವನ್ನು ಶಿಕ್ಷಾರ್ಹ ಅಪರಾಧವೆನ್ನುತ್ತದೆ. 50, 53, 57ನೆಯ ನಮೂನೆಗಳಲ್ಲಿ ಅರ್ಜಿ ಕೊಟ್ಟು ಕಾದವರೂ 2011ರ ಭೂಕಬಳಿಕೆ ನಿಷೇಧ ಅಧಿನಿಯಮದಡಿ ಕಬಳಿಕೆದಾರರೆನಿಸಿಕೊಳ್ಳುವ ಪ್ರಸಂಗ ಒದಗಿತು. 2022ರಲ್ಲಿ ಅದಕ್ಕೆ ತಿದ್ದುಪಡಿ ತರಬೇಕಾಯಿತು. ಪದದ ಆಯ್ಕೆ ಕೇವಲ ಶೈಲಿಯ ಪ್ರಶ್ನೆಯಲ್ಲ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ವಾದಕ್ಕೆ ಎರಡು ಆಕ್ಷೇಪಗಳು ಸಾಧ್ಯ. ಆಡಳಿತಭಾಷೆ ಜನರಿಗೆ ತಿಳಿಯುವ ಕನ್ನಡದಲ್ಲಿರಬೇಕು ಎಂಬುದು ಮೊದಲನೆಯದು. ಅದು ಒಪ್ಪತಕ್ಕದ್ದೇ; ಆದರೆ ಇಲ್ಲಿ ಜನರಿಗೆ ತಿಳಿದಿರುವುದು ‘ಬಗರ್ ಹುಕುಂ’, ಸಂಸ್ಕೃತದಿಂದ ಕಟ್ಟಿದ ‘ಅನಧಿಕೃತ’ವಲ್ಲ. ಎರಡನೆಯದು ಹೆಚ್ಚು ಗಂಭೀರವಾದುದು: ಗೋಮಾಳ ಕಬಳಿಸಿದ ಬಲಾಢ್ಯನೂ ಈ ಮೃದುವಾದ ಪದದ ಮರೆಯಲ್ಲಿ ನಿಲ್ಲಬಹುದು. ನಿಜ. ಆದರೆ ಅವನನ್ನು ಬೇರ್ಪಡಿಸಬೇಕಾದುದು ನಿಯಮ ಮತ್ತು ವಿಚಾರಣೆ; ಅದಕ್ಕಾಗಿ ಎಲ್ಲ ಉಳುವವರ ಮೇಲೂ ಒಂದೇ ಆರೋಪವನ್ನು ಹೊರಿಸುವ ಪದ ಬೇಕಾಗಿಲ್ಲ.

ಕಿಟೆಲ್ ತಮ್ಮ 1894ರ ನಿಘಂಟಿನಲ್ಲಿ ಎರವಲು ಪದಗಳ ಮೂಲಭಾಷೆಯನ್ನು ಸೂಚಿಸಿದರು. ಆ ಪದ್ಧತಿ ಇಂದಿಗೂ ಉಪಯುಕ್ತ. ಆದರೆ ಮೂಲವನ್ನು ತಿಳಿಸಿದ ಮಾತ್ರಕ್ಕೆ ಅರ್ಥವನ್ನು ತಿಳಿಸಿದಂತಾಗದು. ಇಂತಹ ನುಡಿಗಟ್ಟುಗಳನ್ನು ಬಿಡಿಪದಗಳಾಗಿ ಒಡೆಯದೆ ಇಡಿಯಾದ ಉಲ್ಲೇಖಗಳನ್ನಾಗಿಸಿ, ಹೋಬಳಿ ಮಟ್ಟದ ಬಳಕೆಯನ್ನು ಸಂಗ್ರಹಿಸಿ ಅರ್ಥ ಬರೆಯುವುದು ಕನ್ನಡ ವಿಭಾಗಗಳು ಕೈಗೊಳ್ಳಬೇಕಾದ ಕೆಲಸ. ಎರವಲು ನುಡಿಗಟ್ಟಿನ ಮೂಲ ಕೊಟ್ಟ ಭಾಷೆಯದು. ಅರ್ಥ ಮಾತ್ರ ಅದನ್ನು ಬಳಸಿ ಬದುಕುವವರದು.