ಬೇರು ಒಂದೇ, ಬಾಟಲಿ ಬೇರೆ

ಮೊನ್ನೆ ಗೆಳೆಯನೊಬ್ಬನ ಜೊತೆ ಕುಮಟಾದಲ್ಲಿ ರೈಲು ಹತ್ತಿ ಗೋವಾದ ಕಾಣಕೋಣಕ್ಕೆ ಹೋಗಿದ್ದೆ. ಅಲ್ಲೊಂದು ಪುಟ್ಟ ಬಾರಿನಲ್ಲಿ ‘ದುಕ್‌ಶಿರಿ’ ಫೆನ್ನಿ ಕೊಟ್ಟರು. ಫೆನ್ನಿಯಲ್ಲಿ ಸೊಗದೆ ಬೇರು ನೆನೆಸಿಟ್ಟದ್ದು. ಅದೇ ಕಣ್ರೀ, ಪೇಟೆಯವರು ನನ್ನಾರಿ ಅಂತಾರಲ್ಲ, ಅದು!

ಮೊದಲ ಗುಟುಕು ಹಾಗೇ ಕುಡಿದೆ. ಮೂಗಿಗೆ ಕೊಳೆತ ಗೇರುಹಣ್ಣು, ಗಂಟಲಿಗೆ ಬೆಂಕಿ, ಕೊನೆಗೆ ಆಯಿ ಬೇಸಿಗೆಯಲ್ಲಿ ಮಾಡುತ್ತಿದ್ದ ಸೊಗದೆ ಶರಬತ್ತು... ಎರಡನೇ ಸಲ ಲಿಮ್ಕಾ ಬೆರೆಸಿದೆ, ಬೇರಿನ ವಾಸನೆಯೇ ಸತ್ತುಹೋಯಿತು. ಮೂರನೇ ಸಲ ಮುರುಗಲ ಹಣ್ಣಿನ ಪಾನಕ, ಚಿಟಿಕೆ ಉಪ್ಪು, ಸೀಳಿದ ಹಸಿಮೆಣಸು, ಐಸು. ಆಹಾ, ಇದು ಸರಿ! ಹುಳಿ ಮುಂದೆ, ಬೇರು ಹಿಂದೆ. ಗೆಳೆಯ ಮಾತ್ರ "ಕೆಮ್ಮಿನ ಔಷಧಿ ಮಾರಾಯ" ಅಂತ ಗ್ಲಾಸು ಸರಿಸಿದ. :-)

ವಾಪಸ್ ಬರುವಾಗ ತಲೆಗೇರಿದ್ದು ಫೆನ್ನಿಯಲ್ಲ, ಸಿಟ್ಟು. ಭಟ್ಕಳದಿಂದ ಹೊನ್ನಾವರ, ಕುಮಟಾದವರೆಗೆ ಬೇಸಿಗೆಯಲ್ಲಿ ಗೇರು ಬೆಟ್ಟ ಹತ್ತಿ ನೋಡಿ. ಬೀಜ ಕಿತ್ತುಕೊಂಡು ಹಣ್ಣನ್ನು ಮರದ ಬುಡದಲ್ಲೇ ಬಿಟ್ಟಿರುತ್ತಾರೆ, ನೊಣ ಮುತ್ತುತ್ತಿರುತ್ತದೆ. ಮಾಜಾಳಿ ದಾಟಿದರೆ ಅದೇ ಹಣ್ಣಿನ ರಸ ಹುಳಿಬಂದು, ಒಮ್ಮೆ ಬಟ್ಟಿಯಿಳಿದರೆ ಉರ್ರಾಕ್, ಮತ್ತೆ ಇಳಿದರೆ ಫೆನ್ನಿ. ಗೋವಾದ ಗೇರು ಫೆನ್ನಿಗೆ 2009ರಲ್ಲಿ ಭೌಗೋಳಿಕ ಸೂಚಿ ಸಿಕ್ಕಿತು, 2016ರಲ್ಲಿ ಅಲ್ಲಿನ ಸರಕಾರ ಅದನ್ನು ಪಾರಂಪರಿಕ ಪೇಯ ಅಂತ ಕರೆಯಿತು. ಈಚೆ ಬದಿಯಲ್ಲಿ ಒಬ್ಬ ರೈತ ಅದೇ ಹಣ್ಣನ್ನು ಒಲೆ ಮೇಲಿಟ್ಟರೆ? ಕಳ್ಳಭಟ್ಟಿ ಕೇಸು!

ಇನ್ನೂ ತಮಾಷೆ ಕೇಳಿ. ಆಯುರ್ವೇದ ಅಂಗಡಿಯಲ್ಲಿ ಸಾರಿವಾದ್ಯಾಸವ ಅಂತ ಸಿಗುತ್ತದೆ. ಸಾರಿವಾ ಅಂದರೆ ಇದೇ ಸೊಗದೆ. ಬೆಲ್ಲ, ಧಾತಕೀ ಹೂ ಹಾಕಿ ಹುಳಿಬರಿಸುತ್ತಾರೆ, ಮದ್ಯಸಾರ ತಾನಾಗೇ ಹುಟ್ಟುತ್ತದೆ. ಫೆನ್ನಿಯಷ್ಟು ಖಡಕ್ ಅಲ್ಲ, ಒಪ್ಪಿದೆ. ಆದರೂ ಅದು ಔಷಧಿ, ಇದು ಅಪರಾಧ. ವಿಮಾನದಲ್ಲಿ ಬಂದ 56 ಮೂಲಿಕೆಗಳ ಯೇಗರ್‌ಮೈಸ್ಟರ್ ಆದರೆ ಫ್ಯಾಷನ್ನು!

ಇದನ್ನೆಲ್ಲ ಹೇಳಿದಾಗ ಆಯಿ ಒಂದೇ ಮಾತು ಕೇಳಿದಳು: "ಪ್ಯಾಕೆಟ್ ಸಾರಾಯಿ ನಮ್ಮ ಕೇರಿಗೆ ಏನು ಮಾಡಿತ್ತು, ಮರೆತೆಯನೋ?" ಮರೆತಿಲ್ಲ. 2007ರ ಜುಲೈ 1ರಂದು ಕರ್ನಾಟಕದಲ್ಲಿ ಸಾರಾಯಿ ನಿಂತಾಗ ಎಷ್ಟೋ ಮನೆಗಳ ಹೆಂಗಸರು ಉಸಿರು ಬಿಟ್ಟರು. ಅವರ ಮುಂದೆ ನಿಂತು ಮಾತಾಡುವಾಗ ನನ್ನ ಮೂರನೇ ಗ್ಲಾಸಿನ ರುಚಿಗೆ ಬೆಲೆಯಿಲ್ಲ.

ಆದರೆ ಕುಡಿತ ನಿಂತಿತೇ? ಸರಕಾರದ್ದೇ ಎಂಎಸ್‌ಐಎಲ್ ಅಂಗಡಿಯಲ್ಲಿ ವಿಸ್ಕಿ ಮಾರುತ್ತಾರೆ, ಅದರಲ್ಲಿ ಹೆಚ್ಚಿನದು ಕಾಕಂಬಿಯ ಸ್ಪಿರಿಟ್ಟೇ. ಅದೇ 2007ರಲ್ಲಿ ರಾಜ್ಯ ದ್ರಾಕ್ಷಾರಸ ನೀತಿಯನ್ನೂ ತಂದಿತು. ದ್ರಾಕ್ಷಿಗೆ ನೀತಿ, ಗೇರುಹಣ್ಣಿಗೆ ಕೇಸು! ಕುಡಿತ ಕೆಟ್ಟದ್ದೆಂದರೆ ಎಲ್ಲ ಮುಚ್ಚಿ, ನನ್ನದೇನೂ ತಕರಾರಿಲ್ಲ. ತೆರಿಗೆ ಬೇಕೆಂದರೆ ಗೇರು ಬೆಳೆದವನನ್ನು ಮಾತ್ರ ಕಳ್ಳ ಅನ್ನಬೇಡಿ.

ಅಗ್ಗದ ಸಾರಾಯಿ ವಾಪಸ್ ತನ್ನಿ ಅಂತಿಲ್ಲ. ಹಣ್ಣಿನ ಹಂಗಾಮಿಗಷ್ಟೇ ಲೈಸೆನ್ಸು, ಪ್ರತಿ ಬ್ಯಾಚಿಗೂ ಪರೀಕ್ಷೆ, ಪ್ಯಾಕೆಟ್ಟಿನಲ್ಲಿ ಮಾರಾಟ ಇಲ್ಲ, ದಿನಗೂಲಿಯವನ ಜೇಬಿಗೆ ಎಟುಕದ ಬೆಲೆ. ಅಷ್ಟು ಸಾಕು.

ಆಯಿ ಇನ್ನೂ ಒಪ್ಪಿಲ್ಲ. ನೀವೇನಂತೀರಿ?