ಕೆಡವುವ ಮುನ್ನ ಒಂದು ಮಾತು

ಲಂಡನ್ನಿನ ಆಕ್ಸ್‌ಫರ್ಡ್ ಸ್ಟ್ರೀಟಿನಲ್ಲಿ ಮಾರ್ಕ್ಸ್ ಅಂಡ್ ಸ್ಪೆನ್ಸರ್ ಮಳಿಗೆಯದು 1930ರ ಕಟ್ಟಡ. ಅದನ್ನು ಕೆಡವಿ, ಕೆಳಗೆ ಅಂಗಡಿ, ಮೇಲೆ ಕಚೇರಿಗಳಿರುವ ಹೊಸ ಕಟ್ಟಡ ಕಟ್ಟಲು ಕಂಪನಿ 2021ರಲ್ಲಿ ಅರ್ಜಿ ಹಾಕಿತು. ನಗರಾಡಳಿತ ಒಪ್ಪಿತು. ಪರಂಪರೆ ಉಳಿಸುವ ಸಂಘದವರು, ವಾಸ್ತುಶಿಲ್ಪಿಗಳು ಆಕ್ಷೇಪಣೆ ಬರೆದರು: "ಇದನ್ನೇ ದುರಸ್ತಿ ಮಾಡಬಾರದೇಕೆ? ಹೊಸದು ಕಟ್ಟುವಾಗ ಹೊರಬೀಳುವ ಸುಮಾರು 40,000 ಟನ್ ಇಂಗಾಲದ ಡೈಆಕ್ಸೈಡಿಗೆ ಯಾರು ಹೊಣೆ?"

2022ರಲ್ಲಿ ಬಹಿರಂಗ ವಿಚಾರಣೆ ನಡೆಯಿತು. 2023ರಲ್ಲಿ ಸಚಿವ ಮೈಕೆಲ್ ಗೋವ್ ಅನುಮತಿ ನಿರಾಕರಿಸಿದರು. ಕಂಪನಿ ಹೈಕೋರ್ಟಿನಲ್ಲಿ ಗೆದ್ದಿತು. 2024ರ ಡಿಸೆಂಬರಿನಲ್ಲಿ ಹೊಸ ಸರ್ಕಾರ ಒಪ್ಪಿಗೆ ಕೊಟ್ಟಿತು.

ಹಾಗಾದರೆ ಬರೆದವರ ಶ್ರಮ ವ್ಯರ್ಥವೇ? ನನಗೆ ಹಾಗನ್ನಿಸುವುದಿಲ್ಲ. ಆಸ್ಪತ್ರೆಯ ಔಷಧಾಲಯದಲ್ಲಿ ಚೀಟಿಯ ಬಗ್ಗೆ ಅನುಮಾನ ಬಂದರೆ ಮಾತ್ರೆ ಕೊಡುವ ಮೊದಲೇ ವೈದ್ಯರಿಗೆ ಫೋನ್ ಮಾಡುತ್ತೇನೆ. ಎಷ್ಟೋ ಸಲ ಅವರು ಬರೆದದ್ದೇ ಸರಿಯಿರುತ್ತದೆ. ಹಾಗೆಂದು ಕೇಳುವುದನ್ನು ಬಿಡಲಾಗದು. ರೋಗಿ ಮಾತ್ರೆ ನುಂಗಿದ ಮೇಲೆ, ಗೋಡೆ ಉರುಳಿದ ಮೇಲೆ ಕೇಳಿ ಫಲವಿಲ್ಲ.

ನಮ್ಮೂರುಗಳಲ್ಲೂ ಭೂಬಳಕೆ ಬದಲಿಸುವ ಮುನ್ನ ಪ್ರಾಧಿಕಾರಗಳು ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಆಕ್ಷೇಪಣೆ ಆಹ್ವಾನಿಸುತ್ತವೆ. ಇಲ್ಲಿ ಕೂತು ಮೊಬೈಲಿನಲ್ಲಿ ಪತ್ರಿಕೆ ಓದುವ ನಾವು ಆ ಸಣ್ಣ ಅಕ್ಷರಗಳನ್ನು ದಾಟಿ ಹೋಗುತ್ತೇವೆ. ಆಮೇಲೆ ರಜೆಗೆ ಊರಿಗೆ ಹೋದಾಗ, ಮನೆ ಪಕ್ಕ ಎದ್ದು ನಿಂತ ಕಟ್ಟಡ ನೋಡಿ ಗೊಣಗುತ್ತೇವೆ. ಈ ವರ್ಷ ಗೊಣಗುವುದಕ್ಕೆ ಮೊದಲು, ಗಡುವಿನೊಳಗೆ ಒಂದು ಕಾಗದ ಬರೆಯೋಣವೇ?