ತೊಟ್ಟಿಲಲ್ಲಿ ದೇಶವನ್ನು ತೂಗುವ ಪಂಡಿತರು

ಕಳೆದ ತಿಂಗಳು ಧಾರವಾಡದ ಸಪ್ತಾಪುರದಲ್ಲಿರುವ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಅವಳ ಮಗಳು ಚೊಚ್ಚಲ ಬಾಣಂತಿ. ಕೋಣೆಯ ತುಂಬ ಲೋಬಾನದ ಹೊಗೆ, ತಟ್ಟೆಯಲ್ಲಿ ಅಂಟಿನ ಉಂಡಿ, ತೊಟ್ಟಿಲಲ್ಲಿ ಕುಲಾವಿ ಕಟ್ಟಿಸಿಕೊಂಡು ಮಲಗಿದ ಕೂಸು. ಬೆಂಗಳೂರಿನಿಂದ ಬಂದಿದ್ದ ಅಳಿಯಂದಿರು ಎಲ್ಲಿಯೋ ಓದಿದ ಒಂದು ಇಂಗ್ಲಿಷ್ ಲೇಖನದ ಸಾರವನ್ನು ನಮಗೆಲ್ಲ ಹೇಳುತ್ತಿದ್ದರು. ನಮ್ಮ ದೇಶದ ತಾಯಂದಿರು ಕೂಸನ್ನು ಸದಾ ಟೊಂಕದ ಮೇಲೆ ಹೊತ್ತು ತಿರುಗುತ್ತಾರೆ. ಅತ್ತ ಕೂಡಲೆ ಎದೆಗೆ ಹಾಕಿಕೊಳ್ಳುತ್ತಾರೆ. ಆದುದರಿಂದಲೇ ಇಲ್ಲಿಯ ಗಂಡಸರು ಸ್ವಂತ ಬುದ್ಧಿಯಿಂದ ನಡೆಯಲಾರದ ಪರಾವಲಂಬಿಗಳಾಗುತ್ತಾರೆ ಎಂದು ಸಂಶೋಧನೆಯಿಂದ ಸಿದ್ಧವಾಗಿದೆಯಂತೆ. ಬಾಣಂತಿಯ ಮುಖ ಸಣ್ಣದಾಯಿತು. ಮೂಲೆಯಲ್ಲಿ ಬಜೆ ತೇಯುತ್ತ ಕುಳಿತಿದ್ದ ದೊಡ್ಡವ್ವ ತಲೆ ಎತ್ತಿ, "ಅಲ್ರಿ ಅಳಿಯಂದಿರ, ನೀವೂ ನಿಮ್ಮವ್ವನ ಟೊಂಕದ ಮ್ಯಾಲ ಬೆಳದಾವ್ರ ಅಲ್ಲೇನ್ರಿ? ಮತ್ತ ಒಬ್ಬರ ಬೆಂಗಳೂರಿಗೆ ಹೋಗಿ ನೌಕರಿ ಹೆಂಗ ಹಿಡದ್ರಿ?" ಎಂದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಮನೆಗೆ ಬಂದು ಯೋಚಿಸಿದಾಗ ಅದು ಬರಿಯ ನಗೆಮಾತಲ್ಲ, ತರ್ಕಶಾಸ್ತ್ರ ಎನಿಸಿತು. 'ಎಲ್ಲಿ ಇದುಂಟೋ ಅಲ್ಲಿ ಅದುಂಟು' ಎಂದು ಹೇಳಿದವನ ಎದುರಿಗೆ, ಇದು ಇದ್ದೂ ಅದು ಇಲ್ಲದ ಒಂದು ಸ್ಥಳವನ್ನು ತೋರಿಸಿದರೆ ಅವನ ವಾದ ಬಿದ್ದುಹೋಗುತ್ತದೆ. ಒಬ್ಬ ಅಳಿಯನ ಉದಾಹರಣೆಯಿಂದ ಒಂದು ಸಾಮಾನ್ಯ ಪ್ರವೃತ್ತಿ ಸುಳ್ಳಾಗುವುದಿಲ್ಲ, ನಿಜ. ಆದರೆ ಆ ಲೇಖನ ಪ್ರವೃತ್ತಿಯ ಮಾತನ್ನು ಆಡಿರಲಿಲ್ಲ. ಇಡೀ ದೇಶದ ಗಂಡಸರ ಮಾತನ್ನು ಆಡಿತ್ತು. ಅಷ್ಟು ದೊಡ್ಡ ಮಾತಿಗೆ ದೊಡ್ಡವ್ವನ ಒಂದು ಪ್ರಶ್ನೆ ಸಾಕು.

ಈ ರೋಗ ಇಂದಿನದಲ್ಲ. 1949ರಲ್ಲಿ ಇಂಗ್ಲೆಂಡಿನ ಜೆಫ್ರಿ ಗೋರರ್ ಎಂಬ ಮಾನವಶಾಸ್ತ್ರಜ್ಞರು ಜಾನ್ ರಿಕ್‌ಮನ್ ಅವರೊಡನೆ ರಷ್ಯದ ಜನರ ವಿಷಯವಾಗಿ ಒಂದು ಪುಸ್ತಕವನ್ನು ಪ್ರಕಟಿಸಿದರು. ರಷ್ಯದ ತಾಯಂದಿರು ಹಸುಗೂಸನ್ನು ಕೈಕಾಲು ಅಲುಗದಂತೆ ಬಟ್ಟೆಯಿಂದ ಬಿಗಿದು ಸುತ್ತುತ್ತಾರೆ. ಕಟ್ಟಿದಾಗ ಕೂಸಿನೊಳಗೆ ಸಿಟ್ಟು ಕುದಿಯುತ್ತದೆ, ಬಿಚ್ಚಿದಾಗ ಅದು ಒಮ್ಮೆಲೆ ಹೊರಗೆ ಚಿಮ್ಮುತ್ತದೆ. ದೊಡ್ಡವನಾದ ರಷ್ಯನ್ ಬಿಗಿಯಾದ ಪ್ರಭುತ್ವಕ್ಕೆ ತಲೆಬಾಗುವುದಕ್ಕೂ ನಡುನಡುವೆ ಕಟ್ಟು ಹರಿದುಕೊಂಡು ಏಳುವುದಕ್ಕೂ ಇದರೊಡನೆ ಸಂಬಂಧವುಂಟು ಎಂಬುದು ಅಲ್ಲಿಯ ಪ್ರಮೇಯ. ಆಧಾರವೇನೆಂದು ಕೇಳಿದರೆ, ಮುಖ್ಯವಾಗಿ ನ್ಯೂಯಾರ್ಕಿನಲ್ಲಿ ನೆಲಸಿದ್ದ ರಷ್ಯನ್ ವಲಸಿಗರೊಡನೆ ನಡೆಸಿದ ಸಂಭಾಷಣೆಗಳು! ಅದೇ ವರ್ಷ ರೂತ್ ಬೆನೆಡಿಕ್ಟ್ ಎಂಬ ವಿದುಷಿ, ಪೋಲೆಂಡಿನವರೂ ಪೂರ್ವ ಯುರೋಪಿನ ಯಹೂದಿಗಳೂ ಕೂಸನ್ನು ಸುತ್ತುತ್ತಾರೆ, ಆದರೆ ಸುತ್ತುವ ಕೈಯ ಹಿಂದಿನ ಭಾವ ಒಂದೊಂದು ಕಡೆ ಒಂದೊಂದು ಬಗೆ ಎಂದು ತೋರಿಸಿಕೊಟ್ಟರು. ನಮ್ಮ ಕಡೆಯೂ ಎರೆದ ಮೇಲೆ ಕೂಸನ್ನು ಹಳೆಯ ಮೆತ್ತನೆಯ ಸೀರೆಯಲ್ಲಿ ಸುತ್ತಿಯೇ ಮಲಗಿಸುತ್ತಾರೆ. ಹಾಗಾದರೆ 1917ರ ಕ್ರಾಂತಿ ಹುಬ್ಬಳ್ಳಿಯ ದುರ್ಗದಬೈಲಿನಲ್ಲಿ ಏಕೆ ಆಗಲಿಲ್ಲ?

ಟೀಕೆ ಬಂದಾಗ ಈ ಪಕ್ಷದವರು ಕೊಟ್ಟ ಸಮಾಧಾನವೂ ಸ್ವಾರಸ್ಯವಾಗಿದೆ. ಸುತ್ತುವುದೇ ಕಾರಣವೆಂದು ನಾವು ಹೇಳಲಿಲ್ಲ, ಅದೊಂದು ಸುಳಿವು ಮಾತ್ರ ಎಂದರು. ಸುಳಿವೆಂದರೆ ಕಳ್ಳನ ಹೆಜ್ಜೆಯ ಗುರುತು ಇದ್ದಂತೆ. ಅದರ ಜಾಡು ಹಿಡಿದು ಹೋಗಿ ಕಳ್ಳನನ್ನು ಹಿಡಿಯಬೇಕೇ ಹೊರತು, ಹೆಜ್ಜೆ ಕಂಡ ಅಂಗಳದವರನ್ನೆಲ್ಲ ಸೆರೆಮನೆಗೆ ಕಳಿಸಬಾರದು.

ನಮ್ಮ ದೇಶಕ್ಕೂ ಈ ಸೇವೆ ಸಂದಿದೆ. 1957ರಲ್ಲಿ ಮಾರಿಸ್ ಕಾರ್‌ಸ್ಟೇರ್ಸ್ ಎಂಬ ಮನೋವೈದ್ಯರು ರಾಜಸ್ಥಾನದಲ್ಲಿ ರಜಪೂತ, ಬ್ರಾಹ್ಮಣ, ಬನಿಯಾ ಗಂಡಸರೊಡನೆ ಮಾತಾಡಿ 'ದಿ ಟ್ವೈಸ್-ಬಾರ್ನ್' ಬರೆದರು. ಬೆಳೆದ ಗಂಡಸರ ಮಾತಿನಿಂದ ಅವರ ತೊಟ್ಟಿಲಿನ ದಿನಗಳನ್ನು ಊಹಿಸಿದರು. ಮೀರತ್ ಮೊಕದ್ದಮೆಯಲ್ಲಿ ಸೆರೆವಾಸ ಕಂಡು, ಮುಂದೆ ಬೆಂಗಳೂರಿನಲ್ಲಿ ನೆಲಸಿ 'ಮೈಸಿಂಡಿಯಾ' ಪತ್ರಿಕೆಯನ್ನು ನಡೆಸಿದ ಫಿಲಿಪ್ ಸ್ಪ್ರಾಟ್ 1966ರಲ್ಲಿ ಇನ್ನೂ ಮುಂದೆ ಹೋಗಿ, ಹಿಂದೂ ಮನಸ್ಸಿನ ತಿರುಳೇ ಆತ್ಮಮೋಹವೆಂದು ಒಂದು ಗ್ರಂಥವನ್ನೇ ರಚಿಸಿದರು. 1978ರಲ್ಲಿ ಸುಧೀರ್ ಕಾಕರ್ ಅವರು ತಾಯಿ-ಮಗುವಿನ ದೀರ್ಘವಾದ ಒಡನಾಟವನ್ನೂ, ಗಂಡುಮಗು ಅದರಿಂದ ಫಕ್ಕನೆ ಗಂಡಸರ ಲೋಕಕ್ಕೆ ಬೀಳುವುದನ್ನೂ ಮುಖ್ಯವೆಂದರು. 1992ರಲ್ಲಿ ಸ್ಟ್ಯಾನ್ಲಿ ಕರ್ಟ್ಸ್ ಎದ್ದು, ಮಗುವಿಗೆ ಒಬ್ಬಳೇ ತಾಯಿಯಲ್ಲ, ಮನೆಯ ಹೆಂಗಸರೆಲ್ಲರೂ ತಾಯಂದಿರು, ಆದುದರಿಂದ ಹಿಂದಿನ ವಿವರಣೆ ತಪ್ಪು ಎಂದರು. ಇವರು ಸಾಮಾನ್ಯರಲ್ಲ, ಇವರ ಗ್ರಂಥಗಳಲ್ಲಿ ಕಲಿಯತಕ್ಕದ್ದು ಬೇಕಾದಷ್ಟಿದೆ. ಆದರೆ ನನ್ನ ಪ್ರಶ್ನೆ ಇಷ್ಟೆ: ಅದೇ ತೊಟ್ಟಿಲು, ಅದೇ ಟೊಂಕ, ಅದೇ ಎದೆಹಾಲು ಒಬ್ಬೊಬ್ಬ ಪಂಡಿತರಿಗೆ ಒಂದೊಂದು ತೀರ್ಮಾನವನ್ನು ಕೊಡುತ್ತಿದ್ದರೆ, ತೀರ್ಮಾನ ತೊಟ್ಟಿಲಿನಿಂದ ಬಂತೋ ಪಂಡಿತರ ಜೋಳಿಗೆಯಿಂದ ಬಂತೋ?

ನಮ್ಮ ಹಿರಿಯರು ಸ್ಥಾಲೀಪುಲಾಕ ನ್ಯಾಯವೆಂದು ಹೇಳಿದ್ದಾರೆ. ಒಂದು ಅಗುಳನ್ನು ಹಿಚುಕಿ ನೋಡಿದರೆ ಪಾತ್ರೆಯ ಅನ್ನವೆಲ್ಲ ಬೆಂದಿದೆಯೋ ಇಲ್ಲವೋ ತಿಳಿಯುತ್ತದೆ. ಸರಿ, ಎಲ್ಲ ಅಗುಳೂ ಒಂದೇ ನೀರಿನಲ್ಲಿ, ಒಂದೇ ಉರಿಯ ಮೇಲೆ ಬೆಂದಿರುತ್ತವೆ. ಆದರೆ ರಾಜಸ್ಥಾನದ ರಜಪೂತನೂ ನವಲಗುಂದದ ಒಕ್ಕಲಿಗನೂ ಹಳೇಹುಬ್ಬಳ್ಳಿಯ ನೇಕಾರನೂ ಒಂದೇ ಪಾತ್ರೆಯಲ್ಲಿ ಬೆಂದವರೇ? ದೇಶ ಪಾತ್ರೆಯಲ್ಲ.

ಇದಕ್ಕಿಂತ ಸೂಕ್ಷ್ಮವಾದ ದೋಷ ಇನ್ನೊಂದುಂಟು. ಅದನ್ನು ನೈಯಾಯಿಕರು 'ಉಪಾಧಿ' ಎಂದು ಕರೆದರು. ಬೆಂಕಿ ಇದ್ದಲ್ಲಿ ಹೊಗೆ ಇರುತ್ತದೆ ಎಂದು ಒಬ್ಬ ಹೇಳಿದ. ಕಾದು ಕೆಂಪಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿ ಇದೆ, ಹೊಗೆ ಇಲ್ಲ. ಹೊಗೆಗೆ ಬೆಂಕಿಯೊಂದೇ ಸಾಲದು, ಹಸಿ ಕಟ್ಟಿಗೆಯೂ ಬೇಕು. ಆ ಹಸಿ ಕಟ್ಟಿಗೆಯೇ ಉಪಾಧಿ. ನಮ್ಮಲ್ಲಿ ಚೊಚ್ಚಲ ಬಾಣಂತನ ತವರುಮನೆಯಲ್ಲಿ ಆಗುವುದು ವಾಡಿಕೆ. ಐದು ತಿಂಗಳು ತವರಿನಲ್ಲಿದ್ದ ಕೂಸುಗಳು ಬೇಗ ಅತ್ತೆಯ ಮನೆಗೆ ಹೋದ ಕೂಸುಗಳಿಗಿಂತ ಹೆಚ್ಚು ತೂಕವಾಗಿವೆ ಎಂದು ಯಾರೋ ಲೆಕ್ಕ ತೆಗೆದರೆನ್ನೋಣ. ಒಡನೆಯೇ 'ತವರಿನ ಬಾಣಂತನವೇ ಆರೋಗ್ಯಕ್ಕೆ ಕಾರಣ' ಎಂದು ಬರೆಯುವವರಿದ್ದಾರೆ. ಆದರೆ ಮಗಳನ್ನು ಐದು ತಿಂಗಳು ಕೂಡಿಸಿ ಉಣಿಸಬಲ್ಲ ತವರು ಎಂಥದು? ಹಗೇವಿನಲ್ಲಿ ಜೋಳವಿದ್ದದ್ದು, ಕೊಟ್ಟಿಗೆಯಲ್ಲಿ ಹಿಂಡುವ ಎಮ್ಮೆ ಇದ್ದದ್ದು. ಕೂಲಿಗೆ ಹೋಗಬೇಕಾದ ತವರು ಮೂರನೆಯ ವಾರಕ್ಕೇ ಮಗಳನ್ನು ಕಳಿಸಿಕೊಡುತ್ತದೆ. ಕೂಸಿನ ತೂಕಕ್ಕೆ ಕಾರಣ ಪದ್ಧತಿಯೋ ಎಮ್ಮೆಯೋ? ಹಸಿ ಕಟ್ಟಿಗೆಯನ್ನು ನೋಡದೆ ಹೊಗೆಯ ಲೆಕ್ಕ ಬರೆಯಬಾರದು.

ಇನ್ನು ಕಾರ್ಯವನ್ನೇ ಕಾರಣವೆಂದು ತಿಳಿಯುವ ತಪ್ಪು. ಹೆಚ್ಚು ಎತ್ತಿಕೊಂಡ ಕೂಸು ಹೆಚ್ಚು ಅಳುತ್ತದೆ ಎಂದು ಬರೆಯುತ್ತಾರೆ. ಹೆಚ್ಚು ಅಳುವ ಕೂಸನ್ನೇ ಹೆಚ್ಚು ಎತ್ತಿಕೊಳ್ಳುತ್ತಾರೆ ಎಂಬುದು ಎರಡು ಮಕ್ಕಳ ತಾಯಿ ಯಾರಿಗಾದರೂ ಗೊತ್ತಿದೆ.

ನೆಟ್ಟಗೆ ನೋಡಿದವರೂ ಇಲ್ಲದಿಲ್ಲ. ಅಮೆರಿಕದ ವಿಲಿಯಂ ಸೀವೆಲ್ 1952ರಲ್ಲಿ ವಿಸ್ಕಾನ್ಸಿನ್ ಪ್ರಾಂತದ 162 ಒಕ್ಕಲು ಮಕ್ಕಳನ್ನು ಕುರಿತ ಅಭ್ಯಾಸವನ್ನು ಪ್ರಕಟಿಸಿದರು. ಎದೆಹಾಲೋ ಬಾಟಲಿ ಹಾಲೋ, ಹಾಲು ಬಿಡಿಸಿದ್ದು ಬೇಗವೋ ತಡವೋ, ಶೌಚದ ಶಿಸ್ತು ಕಲಿಸಿದ್ದು ಯಾವಾಗ ಎಂಬುದನ್ನೆಲ್ಲ ಮಕ್ಕಳ ಸ್ವಭಾವಕ್ಕೆ ಹೊಂದಿಸಿ ನೋಡಿದರೆ, ಹೇಳಿಕೊಳ್ಳುವಂಥ ಸಂಬಂಧವೇ ಕಾಣಲಿಲ್ಲ. ಒಂದು ಪ್ರಾಂತದ ಅಷ್ಟು ಮಕ್ಕಳಿಂದ ಲೋಕವೆಲ್ಲ ಹೀಗೇ ಎನ್ನುವುದೂ ಅತಿವ್ಯಾಪ್ತಿಯೇ. ಆದರೆ ಸಿದ್ಧಾಂತ ಹೇಳುವ ಮೊದಲು ಇಷ್ಟಾದರೂ ಎಣಿಸಿ ನೋಡಬೇಕೆಂಬ ಪಾಠ ಅದರಲ್ಲಿದೆ.

ಇಷ್ಟು ಹೇಳಿದ ಮೇಲೆ, 'ಸರಿಯಾಗಿ ಬರೆದಿರಿ ಮಾಸ್ತರರೇ, ನಮ್ಮ ಪೂರ್ವಜರ ಪದ್ಧತಿಗಳೆಲ್ಲ ವೈಜ್ಞಾನಿಕ' ಎಂದು ಬೆನ್ನು ಚಪ್ಪರಿಸಲು ಬರುವ ಮಹನೀಯರಿಗೆ ನನ್ನ ದೂರದ ನಮಸ್ಕಾರ. ಅವರ ತರ್ಕ ಇದರ ಅವಳಿ. 'ನಮ್ಮಜ್ಜಿ ಹನ್ನೊಂದು ಹೆತ್ತಳು, ನಾವೆಲ್ಲ ಗಟ್ಟಿಮುಟ್ಟಾಗಿ ಬೆಳೆಯಲಿಲ್ಲವೇ?' ಎನ್ನುತ್ತಾರೆ. ಬೆಳೆದವರು ಮಾತಾಡುತ್ತಿದ್ದಾರೆ; ಹೂಳಿದ ಕೂಸು ಸಾಕ್ಷಿ ಹೇಳಲು ಬರುವುದಿಲ್ಲ. 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ಒಂದು ವರ್ಷ ತುಂಬುವುದರೊಳಗೆ ತೀರಿಕೊಳ್ಳುತ್ತಿದ್ದವು. 2020ರ ಲೆಕ್ಕದಲ್ಲಿ ಆ ಸಂಖ್ಯೆ 28, ಕರ್ನಾಟಕದಲ್ಲಿ 19. ಆ ಅಂತರದಲ್ಲಿ ಉಳಿದ ಕೂಸುಗಳನ್ನು ಉಳಿಸಿದ್ದು ಪೂರ್ವಜರ ಹೊಗಳಿಕೆಯಲ್ಲ. ನಮ್ಮ ಕಡೆಯ ಹಳ್ಳಿಗಳಲ್ಲಿ ಕೂಸಿಗೆ ಜ್ವರ ಬಂದರೆ ಕಾಸಿ ಬರೆ ಹಾಕುವ ಕ್ರೂರ ಪದ್ಧತಿ ಇದೆ. ಬರೆ ಹಾಕಿದ ಮೇಲೆ ಜ್ವರ ಇಳಿಯಿತೆಂಬುದೇ ಅದಕ್ಕೆ ಪ್ರಮಾಣ. ಕಾಗೆ ಕೂತಿತು, ತಾಳೆಯ ಹಣ್ಣು ಬಿತ್ತು! ಎಷ್ಟೋ ಜ್ವರಗಳು ಮೂರು ದಿನಕ್ಕೆ ತಾವಾಗಿ ಇಳಿಯುತ್ತವೆ; ಬರೆ ಮಾತ್ರ ಜನ್ಮವಿಡೀ ಉಳಿಯುತ್ತದೆ.

ಪರರನ್ನೇ ಏಕೆ ಅನ್ನಲಿ? ಎಂ.ಎ. ಮುಗಿಸಿದ ಹೊಸತರಲ್ಲಿ ನಾನೂ ಒಂದು ಪ್ರಬಂಧ ಬರೆದಿದ್ದೆ. ಹಲಸಂಗಿಯ ಗೆಳೆಯರು 1931ರಲ್ಲಿ ಹೊರತಂದ 'ಗರತಿಯ ಹಾಡು' ಮತ್ತು ಬೇರೆ ಸಂಗ್ರಹಗಳಿಂದ ತೊಟ್ಟಿಲ ಹಾಡುಗಳನ್ನು ಆರಿಸಿ, ಅವುಗಳ ಮೇಲಿಂದ ಉತ್ತರ ಕರ್ನಾಟಕದ ತಾಯಂದಿರು ಮಕ್ಕಳನ್ನು ಹೇಗೆ ಬೆಳೆಸುತ್ತಿದ್ದರೆಂದು ಹದಿನೈದು ಪುಟ ತುಂಬಿಸಿದೆ. ಹಾಡು ತಾಯಿಯ ಆಸೆಯನ್ನು ಹೇಳುತ್ತದೆ, ದಿನಚರಿಯನ್ನಲ್ಲ. ಹೊನ್ನಿನ ತೊಟ್ಟಿಲೆಂದು ಹಾಡುವವಳು ತೂಗುತ್ತಿದ್ದದ್ದು ಹರಕು ಸೀರೆಯ ಜೋಳಿಗೆಯನ್ನು ಇದ್ದಿರಬಹುದು. ಆ ಪ್ರಬಂಧಕ್ಕೆ ಮೆಚ್ಚುಗೆ ದೊರೆಯಿತು, ಒಬ್ಬರೂ ಆಕ್ಷೇಪಿಸಲಿಲ್ಲ. ಇಂದಿಗೂ ಅದೇ ಅಚ್ಚಿನ ಪ್ರಬಂಧಗಳು ನನ್ನ ಮೇಜಿಗೆ ಬರುತ್ತವೆ. ಈಗ ನಾನು ಆಕ್ಷೇಪಿಸುತ್ತೇನೆ.

ಹಾಗಾದರೆ ಸಂಶೋಧನೆಯೇ ಬೇಡವೇ? ಬೇಕು, ಬೇಕೆಂದೇ ಈ ಜಗಳ. ಹೆತ್ತ ತಾಯಿಯ ಮೊದಲ ದಿನಗಳ ಹಳದಿ ಗಟ್ಟಿಹಾಲನ್ನು ಹಿಂಡಿ ಚೆಲ್ಲಿ, ಜೇನನ್ನೋ ಸಕ್ಕರೆ ನೀರನ್ನೋ ನೆಕ್ಕಿಸುವ ವಾಡಿಕೆ ನಮ್ಮಲ್ಲಿ ಬಹುಕಾಲದ್ದು. ಆ ಹಾಲಿನಲ್ಲಿ ಕೂಸನ್ನು ರೋಗದಿಂದ ಕಾಯುವ ಸತ್ವವಿದೆ ಎಂಬುದು ಯಾರದೋ ಊಹೆಯಲ್ಲ. ಹಾಲನ್ನು ಪರೀಕ್ಷಿಸಿ ನೋಡಿದ್ದಾರೆ. ಕುಡಿದ ಕೂಸುಗಳನ್ನೂ ಕುಡಿಯದವುಗಳನ್ನೂ ಹಲವು ದೇಶಗಳಲ್ಲಿ ಹೋಲಿಸಿದ್ದಾರೆ. ಬಡತನವೇ ಮೊದಲಾದ ಉಪಾಧಿಗಳನ್ನು ಬೇರ್ಪಡಿಸಿ ಲೆಕ್ಕ ಹಾಕಿದ್ದಾರೆ. ಅನ್ವಯವೂ ಉಂಟು, ವ್ಯತಿರೇಕವೂ ಉಂಟು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಹುಟ್ಟಿದ ಒಂದು ತಾಸಿನೊಳಗೆ ತಾಯಿಹಾಲು ಕಂಡ ಮಕ್ಕಳು ನಮ್ಮ ದೇಶದಲ್ಲಿ ನೂರಕ್ಕೆ ಸುಮಾರು 42 ಮಾತ್ರ.

ಟೊಂಕದ ಮೇಲಿನ ಕೂಸಿನಿಂದ ದೇಶದ ಭವಿಷ್ಯ ಹೇಳುವ ಮಾತೂ, ಮೊದಲ ಹಾಲನ್ನು ಚೆಲ್ಲಬೇಡಿರೆಂಬ ಮಾತೂ ಬಾಣಂತಿಯ ಕೋಣೆಗೆ ಬರುವುದು 'ಸಂಶೋಧನೆ' ಎಂಬ ಒಂದೇ ಹೆಸರಿನಲ್ಲಿ. ಕಾಳೂ ಜೊಳ್ಳೂ ಒಂದೇ ಚೀಲದಲ್ಲಿ ಬಂದರೆ ಕೊಳ್ಳುವವರು ಚೀಲವನ್ನೇ ತಿರಸ್ಕರಿಸುತ್ತಾರೆ. ಅಕ್ಕ ಆಮೇಲೆ ಹೇಳಿದಳು: ಹೆರಿಗೆಯಾದ ದಿನ ದವಾಖಾನೆಯ ನರ್ಸು ಕೂಸಿಗೆ ಕೂಡಲೆ ಎದೆಹಾಲು ಕುಡಿಸಿರೆಂದಾಗಲೂ ದೊಡ್ಡವ್ವ ಹೀಗೆಯೇ ನಕ್ಕು, "ಇವರ ಮಾತು ದಿನಕ್ಕೊಂದು" ಎಂದಿದ್ದಳಂತೆ. ಅಕ್ಕ ಹಟ ಹಿಡಿದದ್ದರಿಂದ ಕೂಸಿಗೆ ಆ ಹಾಲು ಸಿಕ್ಕಿತು.

ಅಳಿಯಂದಿರ ಎದುರಿಗೆ ದೊಡ್ಡವ್ವ ನಕ್ಕದ್ದು ಸರಿಯಾಗಿತ್ತು. ನರ್ಸಿನ ಎದುರಿಗೆ ನಕ್ಕದ್ದು ತಪ್ಪು. ಈ ಎರಡು ನಗೆಗಳ ನಡುವಿನ ವ್ಯತ್ಯಾಸವನ್ನು ಅವಳಿಗೆ ತಿಳಿಯಹೇಳುವುದು ಓದಿದವರಾದ ನಮ್ಮ ಕೆಲಸ. ಅದನ್ನು ಬಿಟ್ಟು ನಾವು ತೊಟ್ಟಿಲಲ್ಲಿ ದೇಶವನ್ನು ತೂಗುತ್ತ ಕುಳಿತಿದ್ದೇವೆ.